ನೆಪವಿಲ್ಲದ ಕೌದಿ

ಹೋದ ತಿಂಗಳು ನಮ್ಮ ಕ್ವಿಲ್ಟ್ ಗಿಲ್ಡಿನ ಸಭೆಯಲ್ಲಿ ಒಂದು ಉಪನ್ಯಾಸವಿತ್ತು. ವಿಷಯ, ಕ್ವಿಲ್ಟಿಂಗನ್ನೂ ಸಂಸಾರವನ್ನೂ ಸರಿದೂಗಿಸುವುದು ಹೇಗೆ. ಮಾತಾಡಲು ಬಂದಿದ್ದಾಕೆ ಹೊಲಿಗೆಯಲ್ಲಿ ಪಳಗಿದವರು, ಒಳ್ಳೆಯವರು. ದಿನಕ್ಕೆ 15 ನಿಮಿಷವಾದರೂ ಹೊಲಿಯಿರಿ ಎಂದರು. ಮಕ್ಕಳು ಮಲಗಿದ ಮೇಲೆ ಹೊಲಿಯಿರಿ, ಇಲ್ಲವೇ ಅವರು ಏಳುವ ಮುಂಚೆ ಎದ್ದು ಹೊಲಿಯಿರಿ. ಒಲೆಯ ಮೇಲೆ ಸಾರು ಕುದಿಯುವಾಗ ಬಟ್ಟೆ ಕತ್ತರಿಸಿಕೊಳ್ಳಿ. ಈಜು ಕ್ಲಾಸಿನ ಹೊರಗೆ ಕಾಯುವಾಗ ಕೈಹೊಲಿಗೆ ಹಾಕಿ. ಕೊನೆಗೆ, ನಗಿಸುವುದಕ್ಕೆಂದು, ಹೊಸ ಬಟ್ಟೆ ಕೊಂಡರೆ ಕಾರಿನ ಡಿಕ್ಕಿಯಲ್ಲೇ ಇಟ್ಟಿರಿ, ಗಂಡ ಮಲಗಿದ ಮೇಲೆ ಒಳಗೆ ತನ್ನಿ ಎಂದರು. ಎಲ್ಲರೂ ನಕ್ಕರು. ಇದು ಈ ದೇಶದ ಕ್ವಿಲ್ಟರುಗಳ ಹಳೆಯ ಜೋಕು. ನಾನೂ ನಕ್ಕೆ.

ಮನೆಗೆ ಬಂದು ಕಾರು ನಿಲ್ಲಿಸಿದಾಗ ನೆನಪಾಯಿತು. ಡಿಕ್ಕಿಯಲ್ಲಿ ಆರು ಗಜ ನೀಲಿ ಬಟ್ಟೆ ಎರಡು ವಾರದಿಂದ ಬಿದ್ದಿತ್ತು. ನನ್ನ ಸಂಬಳದಲ್ಲಿ ಕೊಂಡದ್ದು. ಬಚ್ಚಿಡು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಉಪನ್ಯಾಸದ ಮೇಲೂ ಆ ಡಿಕ್ಕಿಯ ಮೇಲೂ ನನ್ನದೊಂದು ತಕರಾರಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಿಲ್ಡ್ ಎಂದರೆ ನಮ್ಮೂರ ಮಹಿಳಾ ಮಂಡಳಕ್ಕೆ ಹತ್ತಿರದ ಸಂಗತಿ. ವರ್ಷಕ್ಕಿಷ್ಟು ಎಂದು ಚಂದಾ, ತಿಂಗಳಿಗೊಂದು ಸಭೆ, ಸಭೆಗೆ ಚರ್ಚಿನ ಬಾಡಿಗೆ ಹಾಲು. ಮಾಡಿದ್ದನ್ನು ಎಲ್ಲರೆದುರು ಬಿಚ್ಚಿ ತೋರಿಸುವುದು, ಆಸ್ಪತ್ರೆಯ ಹಸುಗೂಸುಗಳಿಗೆಂದು ಪುಟ್ಟ ಕ್ವಿಲ್ಟುಗಳನ್ನು ಹೊಲಿದು ಕೊಡುವುದು, ಎರಡು ವರ್ಷಕ್ಕೊಮ್ಮೆ ಪ್ರದರ್ಶನ ನಡೆಸುವುದು. ನಾನು ಓಹಾಯೋದ ನಮ್ಮ ಊರಿನ ಗಿಲ್ಡಿಗೆ ಮೂರು ವರ್ಷದಿಂದ ಖಜಾಂಚಿ. ಪ್ರದರ್ಶನವೆಂದರೆ ಹಾಲಿನ ವಿಮೆಯಿಂದ ಹಿಡಿದು ಹತ್ತಡಿ ಎತ್ತರದ ಕಂಬಗಳನ್ನು ನಿಲ್ಲಿಸುವವರೆಗೆ ಕೆಲಸ. ನೋಡಲು ಬಂದವರು ಕ್ವಿಲ್ಟ್ ಮುಟ್ಟಬಾರದಲ್ಲ, ಅದಕ್ಕೆ ಬಿಳಿ ಕೈಗವಸು ತೊಟ್ಟ ಸ್ವಯಂಸೇವಕಿಯರು ಸಾಲಿಗೊಬ್ಬರಂತೆ ನಿಂತು ಹಿಂಬದಿಯ ಹೊಲಿಗೆಯನ್ನು ಮಡಿಸಿ ತೋರಿಸುತ್ತಾರೆ. ಇಷ್ಟೆಲ್ಲ ಮಾಡಿಯೂ ಮನೆಯಲ್ಲಿ ಇದಕ್ಕೆ ಇರುವ ಹೆಸರು 'ನಿನ್ನ ಟೈಮ್‌ಪಾಸ್'.

ಈಗ ನನ್ನ ಗಂಡನ ಕ್ರಿಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಅವನು ಕೆಟ್ಟವನಲ್ಲ. ಪಾತ್ರೆ ತೊಳೆಯುತ್ತಾನೆ, ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನೆ. ಬೇಸಿಗೆಯ ಶನಿವಾರಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಕಿಟ್ ಬ್ಯಾಗ್ ಹೊತ್ತು ಹೋದರೆ ಮರಳುವುದು ಸಂಜೆ ನಾಲ್ಕಕ್ಕೆ. ಅವರ ತಂಡಕ್ಕೂ ಚಂದಾ ಇದೆ, ಸಮಿತಿ ಇದೆ, ಖಜಾಂಚಿ ಇದ್ದಾನೆ. ಆದರೆ ಕ್ರಿಕೆಟ್ಟನ್ನೂ ಸಂಸಾರವನ್ನೂ ಸರಿದೂಗಿಸುವುದು ಹೇಗೆ ಎಂದು ಅವರ ತಂಡದಲ್ಲಿ ಯಾರೂ ಉಪನ್ಯಾಸ ಏರ್ಪಡಿಸಿಲ್ಲ. ಹೊಸ ಬ್ಯಾಟು ಡಿಕ್ಕಿಯಲ್ಲಿ ಅಡಗಿ ಕೂರುವುದಿಲ್ಲ. ನೇರ ನಡುಮನೆಗೆ ಬರುತ್ತದೆ, ಮಗ ಅದನ್ನು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾನೆ.

ಹೋದ ಪ್ರದರ್ಶನದ ಮೊದಲ ದಿನ ಮಗನಿಗೆ ಜ್ವರ ಬಂತು. ನೂರೊಂದು ಡಿಗ್ರಿ. ಗಾಬರಿಯಾಗುವಂಥದ್ದಲ್ಲ. ಬೆಳಗಿನಿಂದ ಮಧ್ಯಾಹ್ನದೊಳಗೆ ಗಂಡನಿಂದ ಏಳು ಫೋನು. ಥರ್ಮಾಮೀಟರ್ ಎಲ್ಲಿದೆ? ಔಷಧ ಎಷ್ಟು ಕೊಡಬೇಕು? ಗಂಜಿಗೆ ಯಾವ ಅಕ್ಕಿ? ಏಳನೆಯ ಫೋನಿನಲ್ಲಿ ಪ್ರಶ್ನೆ ಇರಲಿಲ್ಲ. 'ಅವನು ನಿನ್ನನ್ನೇ ಕೇಳ್ತಿದಾನೆ' ಅಷ್ಟೆ. ನಾನು ಕೈಗವಸು ಕಳಚಿ, ಹಣದ ಪೆಟ್ಟಿಗೆಯನ್ನು ಇನ್ನೊಬ್ಬಳ ಕೈಗಿಟ್ಟು ಮನೆಗೆ ಬಂದೆ. ಮಗ ಸೋಫಾದ ಮೇಲೆ ಕಾರ್ಟೂನ್ ನೋಡುತ್ತಿದ್ದ.

ಇದಕ್ಕೆ ಎರಡು ತಿಂಗಳ ಹಿಂದೆ ಮಗಳಿಗೆ ಇದಕ್ಕಿಂತ ಜೋರು ಜ್ವರ ಬಂದಿತ್ತು. ಅಂದು ಅವನ ಸೆಮಿಫೈನಲ್. ನಾನು ಒಂದು ಫೋನೂ ಮಾಡಲಿಲ್ಲ. ಮಾಡಬಾರದೆಂದು ಅವನು ಹೇಳಿರಲಿಲ್ಲ, ನಾನೇ ತೀರ್ಮಾನಿಸಿದ್ದೆ. ಅವನ ಶನಿವಾರವನ್ನು ನಾನು ಕಾದೆ, ನನ್ನ ಶನಿವಾರವನ್ನು ಯಾರೂ ಕಾಯಲಿಲ್ಲ. ಸರಿದೂಗಿಸುವುದು ಎಂಬ ಮಾತು ಬಂದಾಗಲೆಲ್ಲ ನನಗೆ ತಕ್ಕಡಿ ಕಾಣುತ್ತದೆ. ಎರಡು ತಟ್ಟೆಗಳಲ್ಲಿ ಏನೇನಿದೆ ಎಂದು ಎಲ್ಲರೂ ಕೇಳುತ್ತಾರೆ. ತಕ್ಕಡಿ ಹಿಡಿದು ನಿಂತ ಕೈ ಯಾವಾಗಲೂ ಒಬ್ಬಳದೇ ಯಾಕೆ ಎಂದು ಕೇಳುವುದಿಲ್ಲ. ದಿನಕ್ಕೆ 15 ನಿಮಿಷದ ಸಲಹೆಯಲ್ಲಿ ನನಗೆ ಕಾಣುವ ಮೋಸ ಇದೇ. ಮನೆಯವರ ಒಂದು ನಿಮಿಷವನ್ನೂ ಅದು ಮುಟ್ಟುವುದಿಲ್ಲ. ನಮ್ಮ ನಿದ್ದೆಯನ್ನು ಮಾತ್ರ ಕತ್ತರಿಸುತ್ತದೆ.

ಹೆಂಗಸರ ಹೊಲಿಗೆ ನಗುವಿನ ವಸ್ತುವಾಗಿ ಬಹಳ ಕಾಲವಾಯಿತು. 1916ರಲ್ಲಿ ಅಮೆರಿಕದ ಸೂಸನ್ ಗ್ಲಾಸ್ಪೆಲ್ 'ಟ್ರೈಫಲ್ಸ್' ಎಂಬ ಏಕಾಂಕ ಬರೆದಳು. ಹಳ್ಳಿಯ ರೈತನೊಬ್ಬನ ಕೊಲೆಯಾಗಿದೆ, ಹೆಂಡತಿಯ ಮೇಲೆ ಆರೋಪ. ಗಂಡಸರು ಕಾರಣ ಹುಡುಕುತ್ತ ಮನೆಯೆಲ್ಲ ಜಾಲಾಡುತ್ತಾರೆ. ಅಡುಗೆಮನೆಯಲ್ಲಿ ಉಳಿದ ಇಬ್ಬರು ಹೆಂಗಸರು ಆಕೆಯ ಅರ್ಧ ಹೊಲಿದ ಕ್ವಿಲ್ಟನ್ನು ನೋಡಿ, ಇದನ್ನು ಹೇಗೆ ಮುಗಿಸಬೇಕೆಂದಿದ್ದಳೋ ಎಂದು ಮಾತಾಡಿಕೊಂಡಾಗ ಗಂಡಸರು ನಗುತ್ತಾರೆ. ಕೊಲೆಯ ಕಾರಣ ಇದ್ದದ್ದು ಅಲ್ಲೇ, ಎಲ್ಲೆಲ್ಲೋ ಓಡಿದ ಆ ಹೊಲಿಗೆಯಲ್ಲಿ ಮತ್ತು ಹೊಲಿಗೆಯ ಬುಟ್ಟಿಯೊಳಗೆ ಸತ್ತುಬಿದ್ದ ಹಕ್ಕಿಯಲ್ಲಿ. ಹೆಂಗಸರಿಗೆ ಅದು ಕಂಡಿತು, ಅವರು ಹೇಳಲಿಲ್ಲ. ನೂರು ವರ್ಷದ ಮೇಲೆ ಚರ್ಚಿನ ಹಾಲಿನಲ್ಲಿ ಕೂತ ನಮಗೆ ನಗಲು ಗಂಡಸರೂ ಬೇಕಾಗಲಿಲ್ಲ. ನಮ್ಮನ್ನು ನೋಡಿ ನಾವೇ ನಕ್ಕೆವು.

ಯಾಕೆ ಬಚ್ಚಿಡುತ್ತೇವೆ ಎಂದು ಯೋಚಿಸಿದರೆ ಉತ್ತರ ದುಡ್ಡಿನಲ್ಲಿಲ್ಲ, ನೆಪದಲ್ಲಿದೆ. ಒಳ್ಳೆಯ ಹತ್ತಿಬಟ್ಟೆ ಗಜಕ್ಕೆ ಹನ್ನೆರಡು ಹದಿಮೂರು ಡಾಲರ್. ದೊಡ್ಡ ಮಂಚದ ಕ್ವಿಲ್ಟಿಗೆ ಹಿಂಬದಿಯೊಂದಕ್ಕೇ ಎಂಟು ಗಜ ಹಿಡಿಯುತ್ತದೆ. ಅದಕ್ಕಿಂತ ಕಡಿಮೆ ದುಡ್ಡಿಗೆ ಅಂಗಡಿಯಲ್ಲಿ ಬೆಚ್ಚನೆಯ ರಜಾಯಿ ಸಿಗುತ್ತದೆ. ಅಂದರೆ ನಾನು ಹೊಲಿಯುವ ಕ್ವಿಲ್ಟ್ ಯಾರಿಗೂ ಬೇಕಾಗಿಲ್ಲ. ಇದು ನಮಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ನೆಪ ಹುಡುಕುತ್ತೇವೆ. ಅಕ್ಕನ ಮೊಮ್ಮಗುವಿಗೆ ಎನ್ನುತ್ತೇವೆ. ಆಸ್ಪತ್ರೆಗೆ ದಾನ ಎನ್ನುತ್ತೇವೆ. ಮಾರಬಹುದಲ್ಲ ಎಂದು ಯಾರಾದರೂ ಕೇಳಿದರೆ, ಆನ್‌ಲೈನಿನಲ್ಲಿ ಹಾಕೋಣ ಅಂತಿದೀನಿ ಎಂದು ಸುಳ್ಳು ಹೇಳುತ್ತೇವೆ. ಏನೂ ಸಾಲದಿದ್ದರೆ ಇದು ಕಲೆ ಎನ್ನುತ್ತೇವೆ. ಅಲಬಾಮದ ಜೀಸ್ ಬೆಂಡ್‌ನ ಕಪ್ಪು ಹೆಂಗಸರು ಹಳೆಯ ಕೆಲಸದ ಬಟ್ಟೆಗಳಿಂದ ಹೊಲಿದ ಕ್ವಿಲ್ಟುಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಸೇರಿದವು, 2006ರಲ್ಲಿ ಅಂಚೆಚೀಟಿಯಾದವು. ಅವರಿಗೆ ಸಲ್ಲಬೇಕಾದ ಗೌರವ ಅದು. ಆದರೆ ಚಳಿಗೆಂದು ಹೊಲಿದ ಅವರ ಹೆಸರು ಹೇಳಿ ನನ್ನ ಮಂಗಳವಾರ ಸಂಜೆಗೆ ಅನುಮತಿ ಕೇಳುವುದು ಅವರಿಗೆ ಮಾಡುವ ಅವಮಾನ.

ಕ್ರಿಕೆಟ್ ಯಾರನ್ನೂ ಬೆಚ್ಚಗಿಡುವುದಿಲ್ಲ. ಯಾರ ಮೊಮ್ಮಗುವಿಗೂ ಅಲ್ಲ. ಆಡಬೇಕೆನ್ನಿಸಿತು, ಆಡಿದರು. ಅಷ್ಟು ಸಾಕು ಎಂದು ಲೋಕ ಒಪ್ಪಿದೆ. ಹೆಂಗಸಿನ ಬಿಡುವಿಗೆ ಮಾತ್ರ ಕೊನೆಯಲ್ಲೊಂದು ಉಪಯುಕ್ತ ವಸ್ತು ಬೇಕು.

ನರಗುಂದದ ಕಡೆಯ ನನ್ನ ಅಜ್ಜಿಗೆ ಈ ತೊಂದರೆ ಇರಲಿಲ್ಲ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಕಡೆಗೆ ನಾಲ್ಕು ಜನ ಕೂತು ಕೌದಿ ಹೊಲಿಯುತ್ತಿದ್ದರು. ಅಜ್ಜ ಆ ಕಡೆ ಬಂದರೆ 'ಕೌದಿ ಹಾಸೀವಿ, ಇಲ್ಲಿ ಕಾಲಿಡಬ್ಯಾಡ್ರಿ' ಎಂದು ಅಜ್ಜಿ ಗದರುತ್ತಿದ್ದಳು. ಅಜ್ಜ ಸುಮ್ಮನೆ ಕಟ್ಟೆಗೆ ಹೋಗುತ್ತಿದ್ದ. ಅದೂ ಒಂದು ಗಿಲ್ಡೇ. ಚಂದಾ ಇರಲಿಲ್ಲ, ಎಲೆ ಅಡಿಕೆ ಇತ್ತು. ಯಾರ ಸೊಸೆ ತವರಿಗೆ ಹೋದಳು, ಯಾರ ಗಂಡ ಕುಡಿದು ಬಂದ ಎಂಬುದೆಲ್ಲ ಅಲ್ಲೇ ಇತ್ಯರ್ಥವಾಗುತ್ತಿತ್ತು. ಈಗ ಅನ್ನಿಸುತ್ತದೆ, ಅಜ್ಜಿಗೆ ಆ ಪಡಸಾಲೆ ಸಿಕ್ಕಿದ್ದು ಮಳೆಗಾಲಕ್ಕೆ ಹೊದಿಕೆ ಬೇಕಿತ್ತು ಎಂಬ ಕಾರಣಕ್ಕೆ. ಕೌದಿ ಅವಳ ನೆಪ. ನಾಲ್ಕು ಜನ ಬರೀ ಮಾತಾಡಲು ಕೂತಿದ್ದರೆ ಆ ಗದರಿಕೆ ನಡೆಯುತ್ತಿರಲಿಲ್ಲ.

ನಮ್ಮ ಗಿಲ್ಡಿನಲ್ಲಿ ಈಗ ಕವಂದಿಯ ಹುಚ್ಚು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಹೊಲಿಗೆ ಇದು. ಅಂಚಿನಿಂದ ಶುರುಮಾಡಿ ತುಂಡು ಬಟ್ಟೆಗಳನ್ನು ಸೇರಿಸುತ್ತ ಸೇರಿಸುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಧಾರವಾಡದಿಂದ ಎರಡು ಗಂಟೆಯ ದಾರಿಯ ಈ ಹೊಲಿಗೆಯನ್ನು ಓಹಾಯೋದ ಎಪ್ಪತ್ತು ವರ್ಷದ ಅಜ್ಜಿಯೊಬ್ಬರಿಂದ ನಾನು ಕಲಿತೆ, ನಾಚಿಕೆಯಾಯಿತು. ಕೊನೆಯಲ್ಲಿ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿ ಮಡಿಸಿ ಮಾಡಿದ ತ್ರಿಕೋನದ ಹೂವನ್ನು ಇಡುತ್ತಾರೆ. ಅದಕ್ಕೆ 'ಫುಲಾ' ಎಂದು ಹೆಸರು. ಅದರಿಂದ ಕವಂದಿ ಬೆಚ್ಚಗಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಆದರೆ ಫುಲಾ ಇಲ್ಲದ ಕವಂದಿ ಪೂರ್ತಿಯಾದದ್ದಲ್ಲ. ಚಳಿಗೆ ಹೊದೆಯಲೆಂದೇ, ಹರಿದ ಬಟ್ಟೆಯಿಂದ ಹೊಲಿದವರು ಕೂಡ ಏನೂ ಉಪಯೋಗವಿಲ್ಲದ ನಾಲ್ಕು ಮೂಲೆಗಳನ್ನು ಬಿಟ್ಟುಕೊಡಲಿಲ್ಲ. ನನ್ನ ವಾದವೆಲ್ಲ ಆ ನಾಲ್ಕು ಮೂಲೆಗಳದೇ.

ಗಿಲ್ಡಿನ ಮೇಲೂ ನನಗೆ ಸಿಟ್ಟಿದೆ. ಬಹುಪಾಲು ಸದಸ್ಯರು ನಿವೃತ್ತರು. ಸಮಿತಿಯ ಸಭೆಗಳೆಲ್ಲ ವಾರದ ದಿನ ಬೆಳಿಗ್ಗೆ ಹತ್ತಕ್ಕೆ. ಹೊಸಬರು, ಚಿಕ್ಕವರು ಬರುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ಕೊರಗುತ್ತಾರೆ. ಹಾಲಿನ ಒಂದು ಮೂಲೆಯಲ್ಲಿ ಮಕ್ಕಳಿಗೆ ಆಟದ ಚಾಪೆ ಹಾಸೋಣ ಎಂದು ನಾನು ಹೇಳಿದಾಗ, ಸೂಜಿ ಕತ್ತರಿಗಳ ನಡುವೆ ಮಕ್ಕಳೇ ಎಂದರು. ಸೂಜಿ ಕತ್ತರಿ ನಮ್ಮ ಮನೆಯಲ್ಲೂ ಇವೆ. ಮಕ್ಕಳನ್ನು ಬೆಳೆಸಿ ಮುಗಿಸಿ ಬಾ, ಆಗ ಹೊಲಿಯುವಿಯಂತೆ ಎಂಬ ಮಾತನ್ನು ಮನೆಗಿಂತ ಮೊದಲು ಗಿಲ್ಡೇ ಹೇಳುತ್ತಿದೆ. ಹಾಗಿರುವಾಗ ಸರಿದೂಗಿಸುವ ಉಪನ್ಯಾಸ ಯಾರಿಗೆ?

ನನ್ನ ತಪ್ಪನ್ನೂ ಹೇಳದಿದ್ದರೆ ಇದು ಬರೀ ದೂರಾಗುತ್ತದೆ. ಒಂದು ಶುಕ್ರವಾರ ಸಂಜೆ ಅಂಚು ಹೊಲಿಯುತ್ತ ಮಗಳ ವಯಲಿನ್ ಕಾರ್ಯಕ್ರಮವನ್ನು ಮರೆತುಬಿಟ್ಟೆ. ಅವಳು ಕಪ್ಪು ಲಂಗ ತೊಟ್ಟು ಹೊರಟು ನಿಂತು ನನ್ನನ್ನು ಕರೆದಿದ್ದಳಂತೆ. ಮೆಶೀನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಹೋಗಿ, ನುಡಿಸಿ ಬಂದಳು. ನನಗೇನೂ ಅನ್ನಲಿಲ್ಲ. ಆ ಮೌನ ಈಗಲೂ ಚುಚ್ಚುತ್ತದೆ. ಆದರೆ ಆ ಸಂಜೆ ಗಂಡನೂ ಮರೆತಿದ್ದ. ಅವನ ಮರೆವು ಕೆಲಸದ ಒತ್ತಡವಾಯಿತು, ನನ್ನದು ಹುಚ್ಚಾಯಿತು. ತಪ್ಪನ್ನು ನಾನು ಹೊರುತ್ತೇನೆ, ಅವನ ಪಾಲನ್ನೂ ಸೇರಿಸಿ ಹೊರಲಾರೆ.

ಹಾಗಾಗಿ ಸಮತೋಲ ಎಂಬ ಮಾತನ್ನು ಬಿಟ್ಟು ಲೆಕ್ಕಕ್ಕೆ ಬರೋಣ ಎನ್ನುತ್ತೇನೆ. ಲೆಕ್ಕಕ್ಕೆ ಬಚ್ಚಿಡುವುದು ಆಗಿಬರುವುದಿಲ್ಲ. ನಮ್ಮ ಫ್ರಿಜ್ಜಿನ ಮೇಲೆ ಈಗ ಒಂದು ಹಾಳೆ ಇದೆ. ಅವನ ಶನಿವಾರಗಳು, ನನ್ನ ಎರಡನೆಯ ಮಂಗಳವಾರ, ಪ್ರದರ್ಶನದ ಮೂರು ದಿನ, ಮಗಳ ಕಾರ್ಯಕ್ರಮಗಳು, ಎಲ್ಲ ಒಂದೇ ಶಾಯಿಯಲ್ಲಿ. ಹಾಳೆಯ ಕೆಳಗೆ ಥರ್ಮಾಮೀಟರ್ ಎಲ್ಲಿದೆ ಎಂದೂ ಬರೆದಿದ್ದೇನೆ. ಇದರಿಂದ ಎಲ್ಲ ಸರಿಹೋಯಿತೆಂದಲ್ಲ. ಹೋದ ಮಂಗಳವಾರವೂ ಎರಡು ಫೋನು ಬಂದವು. ಏಳು ಇದ್ದದ್ದು ಎರಡಾಯಿತಲ್ಲ ಎಂದು ಗಿಲ್ಡಿನ ಗೆಳತಿ ಸಮಾಧಾನ ಹೇಳಿದಳು. ಸೊನ್ನೆಯಾಗಲಿ ಎಂದೆ. ಅವನ ಶನಿವಾರಕ್ಕೆ ಸೊನ್ನೆಯೇ ಅಲ್ಲವೇ?

ನೀಲಿ ಬಟ್ಟೆಯನ್ನು ಮಾರನೆಯ ದಿನ ಹಾಡುಹಗಲೇ ಒಳಗೆ ತಂದೆ. ಊಟದ ಮೇಜಿನ ಮೇಲೆ ಹರಡಿದೆ. ಗಂಡ ಬಂದು ನೋಡಿ, 'ಚೆನ್ನಾಗಿದೆ, ಯಾರಿಗೆ?' ಎಂದ. ಮೊಮ್ಮಗು, ಆಸ್ಪತ್ರೆ, ಅಕ್ಕ, ಎಲ್ಲ ನಾಲಿಗೆಯ ತುದಿಗೆ ಬಂದವು.

'ಯಾರಿಗೂ ಅಲ್ಲ' ಎಂದೆ.

ಅವನು ಸ್ವಲ್ಪ ಹೊತ್ತು ನಿಂತ. ಊಟಕ್ಕೆ ಮೇಜು ಬೇಕಲ್ಲ ಎಂದ. ಅರ್ಧ ಮೇಜು ಬಿಟ್ಟುಕೊಟ್ಟೆ.