ಹೆಪ್ಪಿಗಷ್ಟು ಮೊಸರು

ಪಕ್ಕದ ಮನೆಗೆ ಹೋಗಿ ಹೆಪ್ಪಿಗೆಂದು ಒಂದು ಚಮಚ ಮೊಸರು ಕೇಳಿ ತರುವುದು ನಮ್ಮ ಗೃಹಿಣಿಯರಿಗೆ ಎಂದೂ ನಾಚಿಕೆಯ ವಿಷಯವಾಗಿಲ್ಲ. ಕೊಟ್ಟವರಿಗೂ ಅದು ನಷ್ಟವೆನಿಸುವುದಿಲ್ಲ. ತಂದದ್ದು ಒಂದು ಚಮಚ. ಬೆಳಗಾಗುವಷ್ಟರಲ್ಲಿ ಪಾತ್ರೆಯ ತುಂಬ ಗಟ್ಟಿಯಾಗಿ ನಿಂತ ಮೊಸರು ಮಾತ್ರ ತಮ್ಮದೇ ಹಾಲಿನದು. ಹಾಗಲ್ಲದೆ ನೆರೆಮನೆಯ ಮೊಸರಿನ ಗಡಿಗೆಯನ್ನೇ ಹೊತ್ತು ತಂದು, ನಮ್ಮ ಮನೆಯದೆಂದು ಬಡಿಸಿದರೆ, ಉಣ್ಣುವವರ ನಾಲಗೆಗೆ ಅದು ತಿಳಿಯದೆ ಹೋಗುವುದಿಲ್ಲ. ಈ ಸಣ್ಣ ವಿವೇಕವನ್ನು ನಾನು ಕಲಿತದ್ದು ಅಡುಗೆಮನೆಯಲ್ಲಲ್ಲ. ಶನಿವಾರದ ಸಂಜೆ ಮಕ್ಕಳೊಡನೆ ದಾಳ ಉರುಳಿಸುತ್ತ ಕುಳಿತ ಮೇಜಿನ ಮುಂದೆ.

ಆ ಆಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಅದಕ್ಕೆ ಬೇಕಾದದ್ದು ಒಂದು ನಿಯಮದ ಪುಸ್ತಕ, ಕಾಗದ, ಪೆನ್ಸಿಲು, ಕೆಲವು ದಾಳಗಳು. ದಾಳಗಳಲ್ಲಿ ಒಂದಕ್ಕೆ ಇಪ್ಪತ್ತು ಮುಖ. ಕುಳಿತವರಲ್ಲಿ ಒಬ್ಬ ಸೂತ್ರಧಾರ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ: ಒಬ್ಬ ಯೋಧ, ಒಬ್ಬಳು ಮಂತ್ರವಾದಿನಿ, ಇನ್ನೊಬ್ಬ ಕಳ್ಳ. “ಮುಂದೆ ಹೊಳೆ ತುಂಬಿ ಹರಿಯುತ್ತಿದೆ. ಏನು ಮಾಡುತ್ತೀರಿ?” ಎಂದು ಸೂತ್ರಧಾರ ಕೇಳುತ್ತಾನೆ. ಆಟಗಾರರು ತಮಗೆ ತೋಚಿದ್ದನ್ನು ಹೇಳುತ್ತಾರೆ. ಫಲವು ಸಂದೇಹಾಸ್ಪದವಾದ ಕಡೆ ದಾಳವೇ ತೀರ್ಪುಗಾರ. ಹೀಗೆ ಕಥೆ ವಾರದಿಂದ ವಾರಕ್ಕೆ, ಈ ಪತ್ರಿಕೆಯ ಧಾರಾವಾಹಿಯಂತೆಯೇ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುತ್ತದೆ. ಅಂಥ ದೀರ್ಘ ಕಥಾನಕಕ್ಕೆ ಆಟಗಾರರ ಭಾಷೆಯಲ್ಲಿ ‘ಕ್ಯಾಂಪೇನ್’ ಎಂದು ಹೆಸರು.

ಈ ಆಟಗಳ ಹಿರಿಯಣ್ಣ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟ 1974ರಲ್ಲಿ ಪೆಟ್ಟಿಗೆಯೊಳಗಿನ ಮೂರು ಚಿಕ್ಕ ಪುಸ್ತಕಗಳಾಗಿ ಹೊರಬಂತು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಮರುವರ್ಷವೇ ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೊ’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳು ಅದನ್ನು ಅನುಕರಿಸಿ ಆಟಗಳನ್ನು ಬರೆಯತೊಡಗಿದರು. 1981ರಲ್ಲಿ ‘ವಿಝರ್ಡ್ರಿ’, ‘ಅಲ್ಟಿಮಾ’ಗಳು ಬಂದವು, ಅವುಗಳಿಂದ ಪ್ರೇರಣೆ ಪಡೆದ ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ 1986ರಲ್ಲಿ ಬಂತು. ಪಾತ್ರದ ಶಕ್ತಿಗೆ ಅಂಕಿ, ಅನುಭವ ಗಳಿಸಿದಂತೆ ಮೇಲೇರುವ ಮೆಟ್ಟಿಲು, ನೆಲಮಾಳಿಗೆಯ ನಿಧಿ, ಇವೆಲ್ಲ ಮೇಜಿನವರು ತೆರೆಯವರಿಗೆ ಕೊಟ್ಟ ಸಾಲ. ಅರ್ಧ ಶತಮಾನ ಕಳೆದು ಸಾಲಗಾರನ ಮನೆ ಅರಮನೆಯಾಗಿದೆ. ಈಗ ಮೇಜಿನ ಸೂತ್ರಧಾರನೇ ಅತ್ತ ಕೈಚಾಚುತ್ತಾನೆ. ಚಾಚುವುದರಲ್ಲಿ ತಪ್ಪೇನೂ ಇಲ್ಲ. ಏನನ್ನು ತರಬೇಕು ಎಂಬುದೇ ಪ್ರಶ್ನೆ.

ಕಳೆದ ಮಳೆಗಾಲದಲ್ಲಿ ನಾನು ತಂದದ್ದು ಗಡಿಗೆಯನ್ನು. ಮೇಜಿನ ಸುತ್ತ ನನ್ನ ತಮ್ಮನ ಮಗ, ಅವನ ಇಬ್ಬರು ಸ್ನೇಹಿತರು, ಮತ್ತು ತಮ್ಮನ ಕಿರಿಯ ಮಗಳು. ಹುಡುಗಿಗೆ 11 ವರ್ಷ. ಹುಡುಗರೆಲ್ಲ ಕತ್ತಿ ಹಿಡಿದ ವೀರರಾದರೆ, ಅವಳು ಆರಿಸಿಕೊಂಡದ್ದು ಊರೂರು ಅಲೆಯುವ ಒಬ್ಬ ಅಡುಗೆಯವಳ ಪಾತ್ರ. ಆ ವಾರ ಹೊಸ ಕಥೆ ಕಟ್ಟಲು ನನಗೆ ಪುರಸೊತ್ತಾಗಿರಲಿಲ್ಲ. ಆಗಷ್ಟೇ ಆಡಿ ಮುಗಿಸಿದ್ದ ಒಂದು ವಿಡಿಯೊ ಆಟದ ಕೋಟೆಯನ್ನು ಹಾಗೆಯೇ ಎತ್ತಿ ಮೇಜಿನ ಮೇಲಿಟ್ಟೆ. ಒಳಗೆ ಒಬ್ಬ ಸೆರೆಯಾಳು. ಹೊರಗೆ ಕಬ್ಬಿಣದ ಬಾಗಿಲು. ಬಾಗಿಲಿಗೆ ಮೂರು ಬೀಗ. ಬೀಗದ ಕೈಗಳು ಮೂರು ದಿಕ್ಕಿನಲ್ಲಿ, ಒಂದೊಂದಕ್ಕೂ ಒಬ್ಬೊಬ್ಬ ರಾಕ್ಷಸನ ಪಹರೆ.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ದೊಡ್ಡಪ್ಪಾ, ಒಳಗಿರೋ ಕಾವಲುಗಾರರಿಗೆ ಊಟ ಯಾರು ತಂದುಕೊಡ್ತಾರೆ?”

“ಅದೆಲ್ಲ ಈ ಆಟದಲ್ಲಿ ಇಲ್ಲಮ್ಮ. ಮೊದಲು ಬೀಗದ ಕೈ ಹುಡುಕಬೇಕು” ಎಂದೆ.

“ಊಟ ಹೋಗೋ ದಾರೀಲೇ ನಾವೂ ಹೋಗಬಹುದಲ್ವಾ?”

“ಬೇರೆ ದಾರಿ ಇಲ್ಲ.”

ಅವಳು ತಲೆಯಾಡಿಸಿದಳು. ಆ ಸಂಜೆ ಮತ್ತೆ ತಾನಾಗಿ ಮಾತನಾಡಲಿಲ್ಲ. ಉರುಳಿಸೆಂದಾಗ ದಾಳ ಉರುಳಿಸಿದಳು, ಅಷ್ಟೇ. ಮುಂದಿನ ಶನಿವಾರ ಕರೆದರೆ ಒಳಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದಳು. “ನೀವು ಆಡಿ ದೊಡ್ಡಪ್ಪ. ನಾನು ಹೇಳೋದು ಅದರಲ್ಲಿ ಇರಲ್ಲ” ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ಇದ್ದ ಸಂಗತಿಯನ್ನು ಇದ್ದಂತೆ ಹೇಳುವ ದನಿಯಲ್ಲಿ ಹೇಳಿದಳು.

ಆ ರಾತ್ರಿ ನನಗೆ ಹೊಳೆದದ್ದು ಇದು. ತೆರೆಯ ಮೇಲಿನ ಕೋಟೆಯಲ್ಲಿ ಅಡುಗೆಮನೆ ಇಲ್ಲದಿದ್ದರೆ ಯಂತ್ರವನ್ನು ದೂರುವಂತಿಲ್ಲ. ಅದನ್ನು ಕಟ್ಟಿದವರು ಎಷ್ಟು ಬಾಗಿಲುಗಳನ್ನು ಇಟ್ಟಿದ್ದಾರೋ ಅಷ್ಟೇ ಬಾಗಿಲುಗಳು ತೆರೆಯುತ್ತವೆ. ಆಟಗಾರ ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಅವರು ಮುಂಚೆಯೇ ಊಹಿಸಿ ಬರೆದಿಡಲಾರರು. ಆದ್ದರಿಂದಲೇ ಬೀಗ, ಬೀಗದ ಕೈ, ಪಹರೆಗಳ ಏರ್ಪಾಡು. ಅದು ಯಂತ್ರದ ಅನಿವಾರ್ಯತೆ. ನನಗೆ ಅಂಥ ಅನಿವಾರ್ಯವೇನಿತ್ತು? ಮಗುವಿನ ಪ್ರಶ್ನೆ ಕೇಳಲು ನನಗೆ ಕಿವಿಯಿತ್ತು. ಉತ್ತರ ಕೊಡಲು ಬಾಯಿಯಿತ್ತು. ಯಂತ್ರದ ಸಂಪತ್ತನ್ನು ತರುವೆನೆಂದು ಹೋಗಿ ಅದರ ಬಡತನವನ್ನು ತಂದಿದ್ದೆ.

ಹಾಗಾದರೆ ತೆರೆಯಿಂದ ತರತಕ್ಕದ್ದು ಏನೂ ಇಲ್ಲವೆ? ಧಾರಾಳವಾಗಿ ಉಂಟು. ನನಗೆ ಉಪಕಾರವಾದ ಮೂರನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ವೇಳಾಪಟ್ಟಿ. ನಿಂಟೆಂಡೊ ಸಂಸ್ಥೆ 2000ದಲ್ಲಿ ಹೊರತಂದ ‘ಮಜೋರಾಸ್ ಮಾಸ್ಕ್’ ಎಂಬ ಆಟದಲ್ಲಿ ಚಂದ್ರನೇ ಭೂಮಿಗೆ ಬೀಳುತ್ತಿದ್ದಾನೆ. ಉಳಿದಿರುವುದು ಮೂರು ದಿನ. ಆ ಮೂರು ದಿನವೂ ಊರಿನ ಜನ ಗಡಿಯಾರದಂತೆ ತಮ್ಮ ತಮ್ಮ ಕೆಲಸಕ್ಕೆ ಓಡಾಡುತ್ತಾರೆ. ಮೊದಲನೆಯ ರಾತ್ರಿ ಒಬ್ಬ ಮುದುಕಿಯ ಗಂಟನ್ನು ಕಳ್ಳನೊಬ್ಬ ಕಿತ್ತುಕೊಂಡು ಓಡುತ್ತಾನೆ. ಆ ಹೊತ್ತಿಗೆ ನಾಯಕ ಅಲ್ಲಿದ್ದರೆ ತಡೆಯಬಹುದು. ಇಲ್ಲದಿದ್ದರೆ ಕಳವು ನಡೆದೇ ಹೋಗುತ್ತದೆ. ಆ ಸಾಮಾನು ಮುದುಕಿಯ ಮನೆಯ ಅಂಗಡಿಗೆ ಸೇರುವುದೇ ಇಲ್ಲ. ಲೋಕ ನಾಯಕನಿಗಾಗಿ ಕಾದು ಕೂರುವುದಿಲ್ಲ ಎಂಬ ಭಾವನೆ ಇದರಿಂದ ಹುಟ್ಟುತ್ತದೆ. ಆ ಆಟದಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸಿ ಮೊದಲನೆಯ ದಿನಕ್ಕೆ ಮರಳುವ ಉಪಾಯವೂ ಉಂಟು. ಮೇಜಿಗೆ ಅದು ಬೇಡ. ವೇಳಾಪಟ್ಟಿ ಸಾಕು. ಸೂತ್ರಧಾರ ಒಂದು ಚೀಟಿಯಲ್ಲಿ, ಯಾರೂ ಅಡ್ಡ ಬರದಿದ್ದರೆ ಬೆಳಗ್ಗೆ ಏನಾಗುತ್ತದೆ, ಸಂಜೆ ಏನಾಗುತ್ತದೆ ಎಂದು ಬರೆದಿಟ್ಟುಕೊಳ್ಳಲಿ. ಅಡ್ಡ ಬರುವುದು ಆಟಗಾರರ ಕೆಲಸ.

ಎರಡನೆಯದು ಒಳದಾರಿ. ಹಿದೆತಾಕಾ ಮಿಯಾಝಾಕಿ ನಿರ್ದೇಶಿಸಿದ, 2011ರ ‘ಡಾರ್ಕ್ ಸೋಲ್ಸ್’ ಕಠಿಣವಾದ ಆಟವೆಂದು ಪ್ರಸಿದ್ಧ. ಆದರೆ ಅದರ ಚೆಲುವಿರುವುದು ಭೂಗೋಳದಲ್ಲಿ. ಹೊಡೆದಾಡುತ್ತ ಬಹುದೂರ ಬಂದೆವೆಂದುಕೊಂಡು ಒಂದು ಚರ್ಚಿನ ಬದಿಯ ಯಂತ್ರದ ತೊಟ್ಟಿಲನ್ನೇರಿ ಕೆಳಗಿಳಿದರೆ, ಪಯಣ ಹೊರಟ ಬಿಡದಿಯೇ ಎದುರಾಗುತ್ತದೆ. ಹೆದರಿಸಿದ ನೆಲ ಆ ಕ್ಷಣದಲ್ಲಿ ಪರಿಚಿತವಾಗುತ್ತದೆ. ಮೇಜಿನ ಮೇಲೂ ಕೋಟೆಯನ್ನೋ ಊರನ್ನೋ ನೇರವಾದ ಓಣಿಯಂತೆ ಎಳೆಯದೆ, ಸುತ್ತಿ ಬಳಸಿ ಒಂದಕ್ಕೊಂದು ಕೂಡುವಂತೆ ಎಳೆದರೆ, ಯಾವ ದಾರಿಯಲ್ಲಿ ಹೋಗೋಣವೆಂಬ ಚರ್ಚೆ ತಾನಾಗಿ ಹುಟ್ಟುತ್ತದೆ. ಇನ್ನೊಂದು ಮಾತು. ಮಿಯಾಝಾಕಿ ಬಾಲ್ಯದಲ್ಲಿ ಇಂಗ್ಲಿಷಿನ ಅದ್ಭುತ ಕಥೆಗಳನ್ನು ಅರೆಬರೆ ಅರ್ಥಮಾಡಿಕೊಂಡು ಓದಿ, ತಿಳಿಯದ ಕಡೆ ತನ್ನ ಕಲ್ಪನೆಯನ್ನು ತುಂಬುತ್ತಿದ್ದನಂತೆ. ಮುಂದೆ ತಾನು ಕಟ್ಟಿದ ಆಟಗಳಲ್ಲಿಯೂ ಕಥೆಯನ್ನು ಪೂರ್ತಿ ಹೇಳದೆ ಉಳಿಸಿದ. ಎಲ್ಲವನ್ನೂ ವಿವರಿಸಿಯೇ ತೀರಬೇಕೆಂಬ ಸೂತ್ರಧಾರರು ಇದನ್ನು ಗಮನಿಸತಕ್ಕದ್ದು.

ಮೂರನೆಯದು ಕಣ್ಣಿಗೆ ಕಾಣುವ ಅಪಾಯ. ಕಳ್ಳತನದಿಂದ ನುಸುಳುವ ವಿಡಿಯೊ ಆಟಗಳಲ್ಲಿ, ಕಾವಲುಗಾರನಿಗೆ ಅನುಮಾನ ಹುಟ್ಟಿತೆ, ಅದು ಎಷ್ಟು ಬೆಳೆಯಿತು ಎಂಬುದನ್ನು ಒಂದು ಗುರುತು ತೋರಿಸುತ್ತಿರುತ್ತದೆ. ‘ಥೀಫ್’, ‘ಡಿಸ್‌ಆನರ್ಡ್’ ಮುಂತಾದ ಆಟಗಳಿಂದ ಸ್ಫೂರ್ತಿ ಪಡೆದ ಜಾನ್ ಹಾರ್ಪರ್, 2017ರ ತನ್ನ ‘ಬ್ಲೇಡ್ಸ್ ಇನ್ ದ ಡಾರ್ಕ್’ ಎಂಬ ಮೇಜಿನ ಆಟದಲ್ಲಿ ಇಂಥ ಕೆಲಸಕ್ಕೆ ಕಾಗದದ ಮೇಲಿನ ‘ಗಡಿಯಾರ’ವನ್ನು ಬಳಸಿದ್ದಾನೆ. ಒಂದು ವೃತ್ತ ಬರೆದು ನಾಲ್ಕೋ ಆರೋ ಎಂಟೋ ಭಾಗ ಮಾಡುವುದು. ತಪ್ಪು ನಡೆದಾಗಲೆಲ್ಲ ಭಾಗಗಳನ್ನು ಕಪ್ಪಾಗಿಸುವುದು. ತುಂಬಿದರೆ ಕಹಳೆ ಮೊಳಗಿತೆಂದು ಅರ್ಥ. ಪೆನ್ಸಿಲಿನಲ್ಲಿ ಮುಗಿಯುವ ಕೆಲಸ. ಆದರೆ ಐದು ಭಾಗ ಕಪ್ಪಾಗಿ ಒಂದೇ ಉಳಿದಾಗ ಮೇಜಿನ ಸುತ್ತ ಉಸಿರು ಬಿಗಿಹಿಡಿಯುವುದನ್ನು ನಾನು ಕಂಡಿದ್ದೇನೆ.

ಈ ಮೂರರಲ್ಲಿಯೂ ಒಂದು ಸಮಾನ ಗುಣವುಂಟೆಂಬುದು ವಾಚಕರಿಗೆ ಹೊಳೆದಿರಬಹುದು. ಇವು ಕಥೆಗಳಲ್ಲ, ಕಥೆ ಹುಟ್ಟುವುದಕ್ಕೆ ಬೇಕಾದ ಏರ್ಪಾಡುಗಳು. ಮಜೋರಾದ ಚಂದ್ರನನ್ನಾಗಲಿ, ಡಾರ್ಕ್ ಸೋಲ್ಸಿನ ದೈತ್ಯರನ್ನಾಗಲಿ ತಂದರೆ, ಆ ಆಟ ಆಡಿದ ಹುಡುಗ ಮುಂದಾಗುವುದನ್ನು ಮುಂಚೆಯೇ ಹೇಳಿಬಿಡುತ್ತಾನೆ. ಆಡದವನಿಗೆ ಅದರ ರುಚಿ ಹತ್ತುವುದಿಲ್ಲ. ಏರ್ಪಾಡನ್ನು ತಂದರೆ ಅದರೊಳಗೆ ತುಂಬುವುದು ನಮ್ಮ ಮಕ್ಕಳ ಬುದ್ಧಿ.

ಒಂದು ತಿಂಗಳು ಬಿಟ್ಟು ಅದೇ ಕೋಟೆಯನ್ನು ಮತ್ತೆ ಕಟ್ಟಿದೆ. ಮೂರು ಬೀಗಗಳನ್ನು ತೆಗೆದುಹಾಕಿದೆ. ಅಡುಗೆಮನೆ, ಬಾವಿ, ಲಾಯ, ಸೌದೆಯ ಕೊಟ್ಟಿಗೆ ಬಂದವು. ಮುಸ್ಸಂಜೆಗೆ ಹಳ್ಳಿಯಿಂದ ದಿನಸಿಯ ಗಾಡಿ; ನಡುರಾತ್ರಿಗೆ ಪಹರೆಯ ಬದಲಾವಣೆ; ಮೂರನೆಯ ದಿನ ಬೆಳಗ್ಗೆ ಸೆರೆಯಾಳನ್ನು ರಾಜಧಾನಿಗೆ ಸಾಗಿಸುತ್ತಾರೆ. ಎಲ್ಲರಿಗೂ ಕಾಣುವಂತೆ ಆರು ಭಾಗದ ಒಂದು ವೃತ್ತ ಬರೆದು ಮೇಜಿನ ನಡುವೆ ಇಟ್ಟೆ. ಅಣ್ಣ ಒಳಕೋಣೆಗೆ ಹೋಗಿ, “ಬಾರೇ, ಈ ಸಲ ಕೋಟೇಲಿ ಅಡುಗೆಮನೆ ಇದೆಯಂತೆ” ಎಂದ.

ಬಂದಳು, ಆದರೆ ಕುಳಿತುಕೊಳ್ಳಲಿಲ್ಲ. ಅಣ್ಣನ ಕುರ್ಚಿಯ ಹಿಂದೆ ನಿಂತಳು. ಹುಡುಗರು ಕೋಟೆಯಲ್ಲಿ ಎಷ್ಟು ಕಾವಲುಗಾರರಿದ್ದಾರೆಂದು ತಿಳಿಯದೆ, ಮರ ಹತ್ತಿ ಎಣಿಸುವುದೋ, ಒಬ್ಬನನ್ನು ಹಿಡಿದು ಬಾಯಿ ಬಿಡಿಸುವುದೋ ಎಂದು ವಾದಿಸುತ್ತಿದ್ದರು.

“ಎಷ್ಟು ಜನಕ್ಕೆ ಅಡುಗೆ ಅಂತ ಅಡುಗೆಯವರಿಗೆ ಗೊತ್ತಿರುತ್ತಲ್ವಾ ದೊಡ್ಡಪ್ಪ?” ಎಂದಳು.

ಹದಿನೈದು ದಿನ ಕುಳಿತು ಬರೆದ ನನ್ನ ಚೀಟಿಗಳಲ್ಲಿ ಅದು ಎಲ್ಲಿಯೂ ಇರಲಿಲ್ಲ.

“ಗೊತ್ತಿರುತ್ತದಮ್ಮ. ಗಾಡಿಯವನನ್ನು ಕೇಳುತ್ತೀಯಾ?” ಎಂದೆ.

ಅವಳು ಕುರ್ಚಿ ಎಳೆದುಕೊಂಡಳು. ಕಥೆ ಸುಖಾಂತವಾಯಿತೆಂದು ಹೇಳಲಾರೆ. ದಾಳ ಎರಡು ಸಲ ಕೈಕೊಟ್ಟಿತು; ವೃತ್ತ ತುಂಬಿತು; ಕಹಳೆ ಮೊಳಗಿತು. ಸೆರೆಯಾಳನ್ನು ಬಿಟ್ಟು ಎಲ್ಲರೂ ದಿನಸಿಯ ಗಾಡಿಯ ಅಡಿಯಲ್ಲಿ ಅಡಗಿ ಓಡಿಬರಬೇಕಾಯಿತು. ಯಂತ್ರವಾಗಿದ್ದರೆ ಗುಂಡಿಯೊತ್ತಿ ಹಿಂದಿನ ಘಟ್ಟಕ್ಕೆ ಮರಳಬಹುದಿತ್ತು. ಇಲ್ಲಿ ಸೆರೆಯಾಳು ರಾಜಧಾನಿಗೆ ಹೋದದ್ದು ಹೋದದ್ದೇ.

ಮುಂದಿನ ಶನಿವಾರ ನಾನು ಮೇಜಿನ ಬಳಿಗೆ ಬರುವಾಗ ದಾಳದ ಡಬ್ಬಿ ಆಗಲೇ ಅಲ್ಲಿತ್ತು. ಪಕ್ಕದಲ್ಲಿ ಒಂದು ಚೀಟಿ. ರಾಜಧಾನಿಯ ಸೆರೆಮನೆಗೆ ಹಾಲು, ತರಕಾರಿ, ಸೌದೆ ಯಾರು ಯಾರು ಒದಗಿಸುತ್ತಾರೆ ಎಂದು ಕೇಳಿ ಹನ್ನೆರಡು ಪ್ರಶ್ನೆಗಳನ್ನು ಅವಳು ದುಂಡಗೆ ಬರೆದಿಟ್ಟಿದ್ದಳು.