ಅಕ್ಷರಗಳ ಉಡುಗೆ

ಮಾತಿಗೆ ದನಿಯಿರುವಂತೆ ಬರಹಕ್ಕೆ ರೂಪವಿದೆ. ‘ಬನ್ನಿ’ ಎಂಬ ಒಂದೇ ಪದವನ್ನು ನಗುನಗುತ್ತಲೂ ಹೇಳಬಹುದು, ಗದರಿಸಿಯೂ ಹೇಳಬಹುದು. ಹಾಗೆಯೇ ಅದನ್ನು ಗಂಭೀರವಾದ ಅಕ್ಷರಗಳಲ್ಲಿಯೂ ಅಚ್ಚು ಮಾಡಬಹುದು, ಕುಣಿಯುವ ಅಕ್ಷರಗಳಲ್ಲಿಯೂ ಅಚ್ಚು ಮಾಡಬಹುದು. ಓದುಗನು ಪದದ ಅರ್ಥವನ್ನು ಗ್ರಹಿಸುವಷ್ಟರಲ್ಲಿಯೇ ಅಕ್ಷರದ ರೂಪವು ಅವನ ಮನಸ್ಸಿನಲ್ಲಿ ಒಂದು ಭಾವವನ್ನು ಮೂಡಿಸಿರುತ್ತದೆ.

ಅಚ್ಚಿನ ಅಕ್ಷರಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಪುಟಗಟ್ಟಲೆ ಓದುವುದಕ್ಕಾಗಿ ರೂಪಿಸಿದವು ಒಂದು ಬಗೆ. ತಮ್ಮ ಇರವನ್ನೇ ಮರೆಸಿ ಅರ್ಥದ ಕಡೆಗೆ ಓದುಗನನ್ನು ಕರೆದೊಯ್ಯುವುದು ಅವುಗಳ ಗುಣ. ಶೀರ್ಷಿಕೆ, ಫಲಕ, ಭಿತ್ತಿಪತ್ರಗಳಿಗಾಗಿ ರೂಪಿಸಿದವು ಇನ್ನೊಂದು ಬಗೆ. ದಾರಿಹೋಕನ ಕಣ್ಣನ್ನು ಹಿಡಿದು ನಿಲ್ಲಿಸುವುದೇ ಅವುಗಳ ಗುಣ. ಈ ಎರಡನೆಯ ಬಗೆಯನ್ನು ಮಕ್ಕಳಾಟವೆಂದು ಹಗುರವಾಗಿ ಕಾಣುವವರುಂಟು. ನನಗೆ ಈ ಅಭಿಪ್ರಾಯ ಒಪ್ಪಿಗೆಯಾಗುವುದಿಲ್ಲ. ವಿನೋದದ ಅಕ್ಷರವನ್ನು ರೂಪಿಸುವುದು ವಿನೋದದ ಕೆಲಸವಲ್ಲ.

ಒಂದು ಉದಾಹರಣೆಯನ್ನು ನೋಡೋಣ. 2010ರ ದಶಕದಲ್ಲಿ ಮುಂಬಯಿಯ ‘ಏಕ್ ಟೈಪ್’ ಎಂಬ ಅಕ್ಷರವಿನ್ಯಾಸಕಾರರ ಸಂಸ್ಥೆಯು ‘ಬಾಲೂ’ ಎಂಬ ಅಕ್ಷರಕುಟುಂಬವನ್ನು ಹೊರತಂದಿತು. ಹಿಂದಿಯಲ್ಲಿ ‘ಭಾಲೂ’ ಎಂದರೆ ಕರಡಿ. ಹೆಸರಿಗೆ ತಕ್ಕಂತೆ ಈ ಅಕ್ಷರಗಳು ಕರಡಿಮರಿಯ ಹಾಗೆ ದುಂಡಗೆ, ದಪ್ಪಗೆ ಇವೆ. ಒಂಬತ್ತು ಭಾರತೀಯ ಲಿಪಿಗಳಿಗೆ ಇವನ್ನು ಬೇರೆಬೇರೆಯಾಗಿ ರೂಪಿಸಿದರು. ಕನ್ನಡದಲ್ಲಿ ಇದು ‘ಬಾಲೂ ತಮ್ಮ’, ತೆಲುಗಿನಲ್ಲಿ ‘ಬಾಲೂ ತಮ್ಮುಡು’, ತಮಿಳಿನಲ್ಲಿ ‘ಬಾಲೂ ತಂಬಿ’. ಮೊದಲು ಒಂದೇ ದಪ್ಪದಲ್ಲಿದ್ದ ಇವು ಅನಂತರ ಐದು ದಪ್ಪಗಳಲ್ಲಿ ದೊರೆತವು. ಯಾರು ಬೇಕಾದರೂ ಇವನ್ನು ಉಚಿತವಾಗಿ ಬಳಸಬಹುದು.

ಕನ್ನಡ ಲಿಪಿ ಸಹಜವಾಗಿಯೇ ದುಂಡಗಿನದು. ಅದಕ್ಕೆ ವಿನೋದದ ಉಡುಗೆ ಸುಲಭವಾಗಿ ಒಪ್ಪುವಂತೆ ತೋರುತ್ತದೆ. ಆದರೆ ತೊಡಕೂ ಅಲ್ಲಿಯೇ ಇದೆ. ‘ದನ’ ಎಂಬುದಕ್ಕೂ ‘ಧನ’ ಎಂಬುದಕ್ಕೂ ಇರುವ ಅಂತರವು ಅಕ್ಷರದ ಅಡಿಯಲ್ಲಿರುವ ಒಂದು ಚಿಕ್ಕ ಸೀಳು ಮಾತ್ರ. ‘ರ’ಕಾರದ ಒಳಗೆ ಒಂದು ಚುಕ್ಕೆಯಿಟ್ಟರೆ ಅದು ‘ಠ’ಕಾರವಾಗುತ್ತದೆ. ಗೆರೆಗಳನ್ನು ದಪ್ಪಗೊಳಿಸಿದಷ್ಟೂ ಅಕ್ಷರದ ಒಳಗಿನ ಬಯಲು ಕಿರಿದಾಗುತ್ತದೆ. ಆ ಸೀಳು ಮುಚ್ಚಿಹೋದರೆ, ಆ ಚುಕ್ಕೆ ಕರಗಿಹೋದರೆ, ಪದವೇ ಕೆಡುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಎರಡು ಒತ್ತುಗಳೂ ಒಂದು ದೀರ್ಘವೂ ಇವೆ. ಇವೆಲ್ಲವೂ ಒಂದನ್ನೊಂದು ತುಳಿಯದಂತೆ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ತಾಗದಂತೆ ನಿಲ್ಲಬೇಕು. ಆದುದರಿಂದ ಲಿಪಿಯ ನಿಯಮವನ್ನು ಚೆನ್ನಾಗಿ ಬಲ್ಲವನು ಮಾತ್ರ ಲಿಪಿಯೊಡನೆ ಆಟವಾಡಬಲ್ಲನು.

ರೂಪಿಸುವವನಿಗಿರುವಷ್ಟೇ ಹೊಣೆ ಬಳಸುವವನಿಗೂ ಇದೆ. 1994ರಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ವಿನ್ಸೆಂಟ್ ಕೊನೇರ್ ಎಂಬ ವಿನ್ಯಾಸಕಾರರು ‘ಕಾಮಿಕ್ ಸಾನ್ಸ್’ ಎಂಬ ಇಂಗ್ಲಿಷ್ ಅಕ್ಷರಗಳನ್ನು ರೂಪಿಸಿದರು. ಗಣಕಯಂತ್ರದ ತೆರೆಯ ಮೇಲೆ ಮಾತನಾಡುವ ನಾಯಿಯೊಂದರ ಮಾತುಗಳು ತೀರ ಗಂಭೀರವಾದ ಅಕ್ಷರಗಳಲ್ಲಿದ್ದುದನ್ನು ಕಂಡು, ಅದು ಸಲ್ಲದೆಂದು ಭಾವಿಸಿ, ಅವರು ಚಿತ್ರಕಥೆಗಳ ಬರಹವನ್ನು ಅನುಸರಿಸಿದರು. ಔಚಿತ್ಯದ ವಿಚಾರದಿಂದಲೇ ಹುಟ್ಟಿದ ಈ ಅಕ್ಷರವು ಮುಂದೆ ಔಚಿತ್ಯವಿಲ್ಲದ ಎಡೆಗಳಿಗೆಲ್ಲ ಹಬ್ಬಿ ನಗೆಗೀಡಾಯಿತು. 2012ರ ಜುಲೈ 4ರಂದು ಜಿನೀವಾದ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿ ಹಿಗ್ಸ್ ಬೋಸಾನನ್ನು ಹೋಲುವ ಹೊಸ ಕಣದ ಶೋಧನೆಯನ್ನು ಸಾರಿದಾಗ, ವಿಜ್ಞಾನಿ ಫ್ಯಾಬಿಯೋಲಾ ಜನೋಟಿಯವರು ತೋರಿಸಿದ ಬರಹವು ಈ ಅಕ್ಷರಗಳಲ್ಲಿತ್ತು. ಶೋಧನೆಯ ಜೊತೆಗೆ ಅಕ್ಷರದ ಮಾತೂ ಲೋಕದಲ್ಲಿ ಹರಡಿತು. ವಿಜ್ಞಾನದ ಬೆಲೆ ಅದರಿಂದ ಕುಂದಲಿಲ್ಲ, ನಿಜ. ಆದರೆ ವಿಷಯದ ಮೇಲೆ ನಿಲ್ಲಬೇಕಾದ ಕಣ್ಣು ಕ್ಷಣಕಾಲವಾದರೂ ಉಡುಗೆಯ ಕಡೆಗೆ ಹೊರಳಿತು.

ತಿರುಳು ಮುಖ್ಯ, ಅಕ್ಷರ ಹೇಗಿದ್ದರೇನು ಎಂದು ಕೆಲವರು ಕೇಳಬಹುದು. ಔಷಧದ ಸೀಸೆಯ ಮೇಲಿನ ಪ್ರಮಾಣವನ್ನು ಕಣ್ಣು ಮಂಜಾದ ಮುದುಕಿಯೊಬ್ಬಳು ಓದಬೇಕಾಗಿದೆ. ಅರ್ಜಿಯ ಕಡೆಯ ದಿನವನ್ನು ತಿಳಿಸುವ ಸೂಚನೆಯನ್ನು ರೈತನೊಬ್ಬನು ಓದಬೇಕಾಗಿದೆ. ಅಲ್ಲಿ ಅಕ್ಷರಗಳು ಕುಣಿಯತೊಡಗಿದರೆ ನಷ್ಟವಾಗುವುದು ಅಂದಕ್ಕಲ್ಲ, ಅವರ ಬದುಕಿಗೆ. ಅದೇ ಅಕ್ಷರಗಳು ಮಕ್ಕಳ ಕತೆಯ ಪುಸ್ತಕದ ಹೊದಿಕೆಯ ಮೇಲೆ, ಜಾತ್ರೆಯ ಅಂಗಡಿಯ ಫಲಕದ ಮೇಲೆ ಬಂದರೆ ಓದುವವನ ಮುಖ ಅರಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಾದಿಸಿದನು. ಆ ಮಾತು ಅಕ್ಷರಗಳಿಗೂ ಸಲ್ಲುತ್ತದೆ. ಒಂದು ಅಕ್ಷರವನ್ನು ಚೆಲುವೆಂದೋ ಕುರೂಪವೆಂದೋ ತೀರ್ಮಾನಿಸುವ ಮೊದಲು ಅದು ಎಲ್ಲಿ, ಯಾರಿಗಾಗಿ ನಿಂತಿದೆಯೆಂದು ಕೇಳಬೇಕು.

ನಿಮ್ಮ ಶಾಲೆಯ ಗೋಡೆಪತ್ರಿಕೆಗೋ ವಾರ್ಷಿಕೋತ್ಸವದ ಕರೆಯೋಲೆಗೋ ಅಕ್ಷರಗಳನ್ನು ಆರಿಸುವ ಅವಕಾಶ ನಿಮಗೂ ದೊರೆಯುವುದು. ಶೀರ್ಷಿಕೆಯು ನಲಿಯಲಿ, ಅದರ ಕೆಳಗಿನ ಬರಹವು ಸರಳವಾಗಿರಲಿ. ಸಿದ್ಧವಾದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಕೆಳಗಿನ ತರಗತಿಯ ವಿದ್ಯಾರ್ಥಿಯೊಬ್ಬನಿಂದ ಅದನ್ನು ಓದಿಸಿರಿ. ಅವನು ಎಲ್ಲಿಯೂ ತಡವರಿಸದೆ ಓದಿ ಮುಗಿಸಿದರೆ ನಿಮ್ಮ ಆಯ್ಕೆ ಸರಿಯಾಗಿದೆಯೆಂದು ತಿಳಿಯಿರಿ.