ಪಾಚಿ ಕೊಲ್ಲೋ ಬಾಟಲಿ ಯಾಕೆ ಬೇಡ?

ಸ್ಯಾನ್ ಹೋಸೆಯ ನಮ್ಮ ಮನೆಗೆ ಉಪ್ಪುನೀರಿನ ಹವಳದ ಅಕ್ವೇರಿಯಂ ಬಂದು ಎರಡು ತಿಂಗಳಾಯ್ತು. ಮೊದಲು ಮರಳ ಮೇಲೆ ಕಂದು ಪುಡಿ, ಈಗ ಕಲ್ಲಿನ ಮೇಲೆಲ್ಲ ಹಸಿರು ಕೂದಲು! ಶಿವಮೊಗ್ಗದಿಂದ ವೀಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಬಾವಿಕಟ್ಟೆ ಥರ ಆಗಿದ್ಯಲ್ಲೋ, ತಿಕ್ಕಿ ತೊಳಿಬಾರ್ದಾ?" ಅಂದ್ರು.

ಅಂಗಡಿಯವನು ಪಾಚಿ ಕೊಲ್ಲೋ ಔಷಧಿ ಕೊಟ್ಟ. ನಾನು ಇನ್ನೂ ಬಾಟಲಿ ತೆಗೆದಿಲ್ಲ, ತೆಗೆಯೋದೂ ಇಲ್ಲ. ಕಂದು ಪುಡಿ ಡಯಾಟಂ. ನೀರಿನ ಸಿಲಿಕೇಟ್ ಮುಗಿದ್ರೆ ತಾನೇ ಹೋಗುತ್ತೆ. ಹಸಿರಿಗೆ ಗೊಬ್ಬರ ಹಾಕಿದ್ದು ನಾನೇ: ಮೀನಿಗೆ ಅತಿಯಾದ ಊಟ, ನಲ್ಲಿ ನೀರು, ದಿನಕ್ಕೆ 12 ಗಂಟೆ ಲೈಟು. ಔಷಧಿಯಿಂದ ಸತ್ತ ಪಾಚಿ ಕೊಳೆತು ಮತ್ತೆ ನೈಟ್ರೇಟ್, ಫಾಸ್ಫೇಟೇ ಆಗುತ್ತೆ. ಬಗ್ ಬಿಟ್ಟು ಎರರ್ ಮೆಸೇಜ್ ಅಳಿಸಿದ ಹಾಗೆ!

ಹಾಗಂತ ಎರಡನ್ನೂ ಸೊನ್ನೆಗೆ ಇಳಿಸೋದೂ ತಪ್ಪು. ಹವಳದ ಮೈಯೊಳಗೇ ಪಾಚಿ ಇರುತ್ತೆ. ಅದು ಮಾಡಿದ ಅಡುಗೆಯೇ ಹವಳಕ್ಕೆ ಬಹುಪಾಲು ಊಟ.

ಈಗ ಆರ್‌ಓ-ಡಿಐ ನೀರು, 8 ಗಂಟೆ ಲೈಟು, ವಾರಕ್ಕೆ ಶೇ. 10ರಷ್ಟು ನೀರು ಬದಲು, ನಾಲ್ಕು ಬಸವನಹುಳು. ಉಳಿದದ್ದನ್ನ ಕೈಯಲ್ಲೇ ಕೀಳ್ತೀನಿ. ಇರೋ ಎರಡು ಹವಳ ಬದುಕಿದ್ರೆ ಮಾತ್ರ ಮೂರನೆಯದು. ಜೀವ ಇರೋದಕ್ಕೆ ಇಷ್ಟೂ ಕಾಯದಿದ್ರೆ ಹೇಗೆ ಹೇಳಿ?